ಹಾಸನದ ಬಿಸಿಲಲ್ಲಿ ಪ್ಯಾರಾಸಿಟಮಾಲ್ ಒಡೆದದ್ದು

ನೀರಿಗೆ ಸೇರಿದ ಔಷಧವನ್ನು ಬಿಸಿಲಿನಲ್ಲೇ ಒಡೆಯಬಹುದೇ ಅಂತ ನೋಡಲು ನಾನು ಟೈಟಾನಿಯಂ ಡೈಆಕ್ಸೈಡ್ ಹಿಡಿದೆ. ಅಂದರೆ ಗೋಡೆಯ ಬಿಳಿ ಪೇಂಟಿನಲ್ಲಿರುವ ಅದೇ ಪುಡಿ. ಅದರ ಮೇಲೆ ಯುವಿ (ನೇರಳಾತೀತ) ಬೆಳಕು ಬಿದ್ದರೆ ಎಲೆಕ್ಟ್ರಾನು ಜಾಗ ಬಿಟ್ಟು ಮೇಲೇಳುತ್ತದೆ. ಉಳಿದ ಖಾಲಿ ಜಾಗ ನೀರಿನಿಂದ ತೀರಾ ಚುರುಕಾದ ಅಣುತುಣುಕು, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಎದುರಿಗೆ ಸಿಕ್ಕ ಔಷಧದ ಅಣುವನ್ನು ಅದು ಒಡೆದು ಹಾಕುತ್ತದೆ. ಆದರೆ ಇದಕ್ಕೆ 388 ನ್ಯಾನೋಮೀಟರಿಗಿಂತ ಕಡಿಮೆ ಅಲೆಯುದ್ದದ ಬೆಳಕೇ ಬೇಕು. ಬಿಸಿಲಿನಲ್ಲಿ ಅಂಥದ್ದು ಇರುವುದು ಶೇ. 5ರ ಆಸುಪಾಸು. ಉಳಿದ ಬಿಸಿಲೂ ಕೆಲಸಕ್ಕೆ ಬರಲಿ ಅಂತ ನಾನು ಕಬ್ಬಿಣ ಬೆರೆಸಿದೆ.

ಬೆಳ್ಳಿ ಯಾಕಲ್ಲ ಅಂತ ಲ್ಯಾಬಿನಲ್ಲಿ ಕೇಳಿದರು. ಬೆಳ್ಳಿಯ ಅಯಾನು ದೊಡ್ಡದು, ಟೈಟಾನಿಯಂ ಜಾಗದಲ್ಲಿ ಕೂರುವುದಿಲ್ಲ, ಹೆಚ್ಚಿನದು ಪುಡಿಯ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಅಯಾನಿನ ಅಳತೆ ಟೈಟಾನಿಯಂಗೆ ಹತ್ತಿರ. ಅಗ್ಗ ಕೂಡ.

ಪುಡಿ ಮಾಡಲು ಬಳಸುವ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಎಂಬ ದ್ರವಕ್ಕೆ ತೇವ ಆಗುವುದಿಲ್ಲ. ಹಾಸನದ ಜುಲೈ ಗಾಳಿಯಲ್ಲಿ ಬಾಟಲಿಯ ಮುಚ್ಚಳ ತೆಗೆದರೆ ಬಾಯಿಯ ಸುತ್ತ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಈ ಕೆಲಸವನ್ನೆಲ್ಲ ಬೇಸಿಗೆಗೆ ಇಟ್ಟುಕೊಂಡೆ. ಐಸೊಪ್ರೊಪನಾಲ್, ಸ್ವಲ್ಪ ಅಸಿಟಿಕ್ ಆಮ್ಲ, ಮೇಲೆ ಐರನ್ ನೈಟ್ರೇಟ್ ಕರಗಿಸಿದ ದ್ರಾವಣ ಹನಿಹನಿಯಾಗಿ. ಜೆಲ್ ಆದ ಮೇಲೆ ಒಣಗಿಸಿ, ಮಫಲ್ ಫರ್ನೇಸ್ ಎಂಬ ಕರೆಂಟ್ ಕುಲುಮೆಯಲ್ಲಿ 450 ಡಿಗ್ರಿ. ನಡುವೆ ಕರೆಂಟ್ ಹೋಗದಿದ್ದರೆ ಪುಣ್ಯ! ಶಾಖ ತೀರಾ ಏರಿದರೆ ಈ ಕೆಲಸಕ್ಕೆ ಬೇಕಾದ ಅನಟೇಸ್ ಅನ್ನುವ ಹರಳಿನ ರೂಪ ರೂಟೈಲ್ ಅನ್ನುವ ಇನ್ನೊಂದು ರೂಪವಾಗಿಬಿಡುತ್ತದೆ. ಕಬ್ಬಿಣ ಸೇರಿದರೆ ಆ ಬದಲಾವಣೆ ಇನ್ನೂ ಬೇಗ.

ಕಬ್ಬಿಣ ಜಾಸ್ತಿ ಹಾಕಿದಷ್ಟೂ ಪುಡಿಯ ಹಳದಿ ಗಾಢವಾಯಿತು, ಬೆಳಕನ್ನೂ ಚೆನ್ನಾಗಿ ಹೀರಿತು. ಔಷಧ ಒಡೆಯುವುದು ಮಾತ್ರ ನಿಧಾನವಾಯಿತು. ಮೇಲೆದ್ದ ಎಲೆಕ್ಟ್ರಾನು ಮತ್ತೆ ಖಾಲಿ ಜಾಗಕ್ಕೆ ಬೀಳಲು ಅದೇ ಕಬ್ಬಿಣ ದಾರಿ ಮಾಡಿಕೊಡುತ್ತದೆ. ನನಗೆ ಚೆನ್ನಾಗಿ ನಡೆದದ್ದು ಶೇ. 1ಕ್ಕಿಂತ ಕಡಿಮೆ ಕಬ್ಬಿಣದ ಪುಡಿ, ನೋಡಲು ಬರೀ ಕೆನೆ ಬಣ್ಣ.

ಪರೀಕ್ಷೆಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೇಡವೆಂದೆ. ಬಣ್ಣ ಹೋದದ್ದು ಕಣ್ಣಿಗೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಔಷಧದ ಬಗ್ಗೆ ಅದು ಏನೂ ಹೇಳುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬಿಸಿಲಿಗೆ ತಾನಾಗಿಯೇ ಒಡೆಯುತ್ತದೆ, ಪುಡಿಯ ಪಾಲೆಷ್ಟು ಬಿಸಿಲಿನ ಪಾಲೆಷ್ಟು ಅನ್ನುವುದೇ ಗೋಜಲು. ಪ್ಯಾರಾಸಿಟಮಾಲ್ ಬರೀ ಬಿಸಿಲಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಮಾತ್ರೆಯ ಬದಲು ಪ್ಯಾರಾಸಿಟಮಾಲಿನ ಶುದ್ಧ ಪುಡಿಯನ್ನೇ ತಂದೆ. ಮಾತ್ರೆಯಲ್ಲಿರುವ ಪಿಷ್ಟವೂ ರ‍್ಯಾಡಿಕಲ್‌ಗಳನ್ನು ತಿಂದುಹಾಕುತ್ತದೆ, ಅಲ್ವಾ?

ಔಷಧ ಕರಗಿಸಿದ ನೀರಿಗೆ ನನ್ನ ಪುಡಿ ಹಾಕಿ, ಮೊದಲು ಅರ್ಧ ಗಂಟೆ ಕತ್ತಲಲ್ಲಿ ಸ್ಟಿರರ್ ಮೇಲೆ. ಅಷ್ಟರಲ್ಲಿ ಪುಡಿಗೆ ಸುಮ್ನೆ ಅಂಟಿಕೊಳ್ಳುವ ಔಷಧ ಅಂಟಿಕೊಂಡು ಮುಗಿಯುತ್ತದೆ. ಆಮೇಲೆ ಬಿಸಿಲಿಗೆ, ಬೆಳಗ್ಗೆ 11ರಿಂದ 2ರವರೆಗೆ. ಪಕ್ಕದಲ್ಲೇ ಪುಡಿ ಹಾಕದ ಬೀಕರ್ ಒಂದು, ಕಬ್ಬಿಣವಿಲ್ಲದ ಬಿಳಿ ಪುಡಿಯದು ಇನ್ನೊಂದು.

ಅಳೆಯುವಾಗ ಒಂದು ಸೂಕ್ಷ್ಮವಿದೆ. ಯುವಿ ಯಂತ್ರದಲ್ಲಿ ಪ್ಯಾರಾಸಿಟಮಾಲ್ ಕಾಣುವುದು 243 ನ್ಯಾನೋಮೀಟರಿನಲ್ಲಿ. ಅದು ಒಡೆದಾಗ ಹುಟ್ಟುವ ಬೆಂಜೊಕ್ವಿನೋನ್ ಹೆಚ್ಚುಕಡಿಮೆ ಅಲ್ಲೇ, 246ರಲ್ಲಿ. ಬರೀ ಯುವಿ ನಂಬಿದರೆ ಒಡೆದದ್ದೂ ಒಡೆಯದ ಹಾಗೆ ಕಾಣುತ್ತದೆ. ಎಚ್‌ಪಿಎಲ್‌ಸಿ (ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇಲ್ಲದೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಬೆಂಜೊಕ್ವಿನೋನ್ ವಿಷವೂ ಹೌದು, ಔಷಧ ಮಾಯವಾದ ತಕ್ಷಣ ನಿಲ್ಲಿಸುವ ಹಾಗಿಲ್ಲ.

ಡಿಸ್ಟಿಲ್ಡ್ ನೀರಿನಲ್ಲಿ ಬಂದ ವೇಗ ಗೊರೂರಿನಿಂದ ತಂದ ಹೇಮಾವತಿ ನೀರಿನಲ್ಲಿ ಬರಲಿಲ್ಲ. ಹೊಳೆ ನೀರಿನ ಬೈಕಾರ್ಬನೇಟ್, ಎಲೆ ಕೊಳೆತ ಅಂಶ ಎಲ್ಲವೂ ರ‍್ಯಾಡಿಕಲ್‌ಗೆ ಅಡ್ಡ ಬರುತ್ತವೆ. ನನ್ನ ಮಟ್ಟಿಗೆ ಆ ನಿಧಾನದ ಸಂಖ್ಯೆಯೇ ನಿಜವಾದದ್ದು. ಕೆಲಸ ಮುಗಿದ ಮೇಲೆ ನುಣ್ಣನೆ ಪುಡಿಯನ್ನು ನೀರಿನಿಂದ ತೆಗೆಯಲು ಸೆಂಟ್ರಿಫ್ಯೂಜ್ ಬೇಕು, ಅದು ಊರಿನ ನೀರಿಗೆ ಆಗುವ ಮಾತಲ್ಲ. ಈಗ ಅದೇ ಪುಡಿಯನ್ನು ಗಾಜಿನ ಫಲಕಗಳ ಮೇಲೆ ಲೇಪಿಸಿ ನೋಡುತ್ತಿದ್ದೇನೆ. ವೇಗ ಇನ್ನೂ ಕಡಿಮೆ, ಆದರೆ ನೀರು ಬಗ್ಗಿಸಿಕೊಂಡರೆ ಆಯಿತು.