ಥಾರ್‌ಗೆ ಹಳೆಯ ಫೈಬರ್ ಟಾಪ್: ಬಣ್ಣ ಬಿಡಿ, ಅಂಚು ನೋಡಿ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42–43 ಡಿಗ್ರಿ ಮುಟ್ಟಿದಾಗ ಕ್ಯಾನ್ವಾಸ್ ಟಾಪಿನ ಮಹೀಂದ್ರ ಥಾರ್ ಜೀಪಿನ ಒಳಗೆ ಎಸಿ ಎಷ್ಟು ಹಚ್ಚಿದರೂ ಅಷ್ಟೇ. ವಾಡಿ, ಸೇಡಂ ಕಡೆ ದಿನಾ ಓಡಾಡುವವರಿಗೆ ಸಿಮೆಂಟ್ ಲಾರಿಗಳ ಧೂಳು ಬೇರೆ. ಜಿಪ್ಪಿನ ಸಂದಿಯಲ್ಲಿ ನುಸುಳಿ ಹಿಂದಿನ ಸೀಟಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಹಾಗಾಗಿ ಬೇಕಾದಾಗ ಬಿಚ್ಚಿ ಇಡಬಹುದಾದ ಫೈಬರ್ ಹಾರ್ಡ್‌ಟಾಪ್ ಹುಡುಕುವವರು ಬಹಳ. ಹೊಸದು ದುಬಾರಿ. ಹಳೆಯದು ಅಗ್ಗಕ್ಕೆ ಸಿಗುತ್ತದೆ, ಆದರೆ ಅಗ್ಗ ಯಾಕೆ ಅಂತ ಕೇಳದೆ ತಂದರೆ ಮಳೆಗಾಲದಲ್ಲಿ ಗಾಡಿಯೊಳಗೇ ಕೊಡೆ ಹಿಡಿಯಬೇಕಾಗುತ್ತದೆ.

ಟಾಪ್ ನೋಡಲು ಹೋಗುವ ಮೊದಲು ಆರ್‌ಸಿ ತೆಗೆದು ಬಾಡಿ ಟೈಪ್ ಅಂತ ಇರುವ ಸಾಲು ಓದಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಕಲಬುರಗಿಯ ಕೆಎ-32 ಆಗಲಿ, ಯಾದಗಿರಿಯ 33 ಆಗಲಿ, ಬೀದರಿನ 38 ಆಗಲಿ, ನಿಮ್ಮ ಆರ್‌ಟಿಓ ಕಚೇರಿಯಲ್ಲಿ ನಿಮ್ಮ ಮಾಡೆಲ್ ಹೇಳಿ ವಿಚಾರಿಸಿ, ವಿಮೆಯವರಿಗೂ ಬರೆದು ತಿಳಿಸಿ, ಆಮೇಲೆ ಅಡ್ವಾನ್ಸ್ ಕೊಡಿ. "ಎಲ್ಲರೂ ಹಾಕ್ಯಾರ, ಏನೂ ಆಗಂಗಿಲ್ಲ" ಅನ್ನುವುದು ಮಾರುವವನ ಮಾತು. ಅಪಘಾತದ ಕ್ಲೇಮ್ ಹೊತ್ತಿಗೆ ಅವನು ಬರುವುದಿಲ್ಲ.

ಇನ್ನು ಹೊಂದಾಣಿಕೆ. ಎಲ್ಲ ಜೀಪಿಗೂ ಕೂರುವ ಟಾಪ್ ಅಂತ ಒಂದಿಲ್ಲ. 2010ರಿಂದ 2020ರವರೆಗೆ ಬಂದ ಹಳೆಯ ಥಾರ್ ಬೇರೆ, 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಹೊಸದು ಬೇರೆ. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ ಹಳೆಯದರಲ್ಲಿ 2,430 ಮಿ.ಮೀ, ಹೊಸದರಲ್ಲಿ 2,450. ಬರೀ 20 ಮಿ.ಮೀ ತಾನೇ ಅಂತ ಲೆಕ್ಕ ಹಾಕಿ ಮೋಸ ಹೋದವರಿದ್ದಾರೆ. ಬಾಡಿ ಪೂರ್ತಿ ಬೇರೆ. ಮಹೀಂದ್ರದ ಹಳೆಯ ಜೀಪುಗಳಾದ ಎಂಎಂ540, ಮೇಜರ್, ಕಮಾಂಡರ್‌ಗಳ ಟಾಪನ್ನು ಥಾರ್‌ದೆಂದು ಹೇಳಿ ಮಾರುವುದೂ ಉಂಟು. 5 ಮೀಟರ್ ಟೇಪ್ ಹಿಡಿದು ನಿಮ್ಮ ಗಾಡಿಯಲ್ಲೇ ಐದು ಅಳತೆ ಬರೆದುಕೊಳ್ಳಿ: ಮುಂಗಾಜಿನ ಚೌಕಟ್ಟಿನ ಮೇಲಂಚಿನ ಅಗಲ, ಬಾಗಿಲ ಹಿಂದೆ ಬಾಡಿಯ ಅಗಲ, ಹಿಂಬಾಗಿಲ ಹತ್ತಿರದ ಅಗಲ, ಮುಂಗಾಜಿನ ಚೌಕಟ್ಟಿನಿಂದ ಹಿಂಬಾಗಿಲವರೆಗಿನ ಉದ್ದ, ಬಾಡಿಯ ಅಂಚಿನಿಂದ, ಗಾಡಿ ಪಲ್ಟಿಯಾದಾಗ ತಡೆಯುವ ಪೈಪಿನ ಚೌಕಟ್ಟಾದ ರೋಲ್‌ಬಾರಿನ ತುದಿಗೆ ಎತ್ತರ. ಕೊನೆಯದನ್ನು ಮರೆಯುವವರೇ ಹೆಚ್ಚು. ಹೊರಗಿನಿಂದ ದಪ್ಪ ಪೈಪಿನ ರೋಲ್‌ಬಾರ್ ಹಾಕಿಸಿದ್ದರೆ ಟಾಪ್ ಅದರ ಮೇಲೆ ಕೂತು ಸುತ್ತಲಿನ ಅಂಚು ಗಾಳಿಯಲ್ಲಿ ತೇಲುತ್ತದೆ.

ಪರೀಕ್ಷೆಗೆ ಬೆಳಕಿರುವಾಗಲೇ ಹೋಗಿ. ಜೊತೆಗೆ ಟೇಪ್, ಟಾರ್ಚ್, ಐದು ರೂಪಾಯಿಯ ನಾಣ್ಯ, ಬಟ್ಟೆ, ಕೈ ಮುಚ್ಚುವ ಅಂಗಿ ಇರಲಿ. ಒಳಮೈಗೆ ಬಣ್ಣ ಹಚ್ಚದ ಫೈಬರ್ ಸವರಿದರೆ ಇಡೀ ದಿನ ಕೈ ಕೆರೆಯುತ್ತದೆ.

ಹೊಳೆಯುವ ಬಣ್ಣದ ಮೇಲೆ ಕಣ್ಣು ಹಾಕಬೇಡಿ. ಎರಡು ಸಾವಿರದ ಸ್ಪ್ರೇ ಕೆಲಸ ಎಂಥ ಹುಳುಕನ್ನೂ ಮುಚ್ಚುತ್ತದೆ. ನೋಡಬೇಕಾದ್ದು ಕೆಳಗಿನ ಅಂಚು, ಅಂದರೆ ಬಾಡಿಯ ಮೇಲೆ ಕೂರುವ ಪಟ್ಟಿ. ಟಾಪನ್ನು ಸಮತಟ್ಟಾದ ಜಾಗದಲ್ಲಿ ಇಡಿಸಿ. ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದಿನ ಫರ್ಸಿ ಇರುವುದು ಅನುಕೂಲ, ಆದರೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ, ಕಲ್ಲು ಕಲ್ಲಿಗೆ ಏರುಪೇರೂ ಇರುತ್ತದೆ. ಇಳಿಜಾರಿನಿಂದ ತೊಂದರೆಯಿಲ್ಲ, ಏರುಪೇರು ಬೇಡ. ಮೊದಲು ದಾರ ಎಳೆದು ನೋಡಿ. ಈಗ ಒಂದು ಮೂಲೆ ಒತ್ತಿ. ಎದುರು ಮೂಲೆ ಎದ್ದರೆ ಟಾಪ್ ತಿರುಚಿದೆ. ಎರಡು ಕರ್ಣಗಳನ್ನೂ ಅಳೆಯಿರಿ: 5 ಮಿ.ಮೀ ವ್ಯತ್ಯಾಸವನ್ನು ರಬ್ಬರ್ ನುಂಗುತ್ತದೆ, 10 ದಾಟಿದರೆ ಕೈ ಮುಗಿದು ಬನ್ನಿ. ಬಿಚ್ಚಿದ ಟಾಪನ್ನು ವರ್ಷಗಟ್ಟಲೆ ಗೋಡೆಗೆ ಒರಗಿಸಿ ಬಿಸಿಲಿಗೆ ಬಿಟ್ಟರೆ ನಾರನ್ನು ಹಿಡಿದಿಡುವ ರೆಸಿನ್ ಮೆತ್ತಗಾಗಿ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹಾಗೆ ಬಾಗಿದ್ದನ್ನು ಬೋಲ್ಟ್ ಬಿಗಿದು ನೇರ ಮಾಡುತ್ತೇವೆ ಅನ್ನುವವರು ಮುಂಗಾಜಿನ ಚೌಕಟ್ಟನ್ನೇ ಎಳೆದು ಕೆಡಿಸುತ್ತಾರೆ.

ಆಮೇಲೆ ನಾಣ್ಯದಿಂದ ಅರ್ಧ ಅಡಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಫೈಬರ್ ಟಣ್ ಅನ್ನುತ್ತದೆ. ಪದರ ಬಿಟ್ಟುಕೊಂಡ ಕಡೆ, ಪುಟ್ಟಿ ಮೆತ್ತಿದ ಕಡೆ ಸದ್ದು ಮಂಕು. ಫೈಬರಿನಲ್ಲಿ ಪುಟ್ಟಿ ಹುಡುಕಲು ಮ್ಯಾಗ್ನೆಟ್ ಕೆಲಸಕ್ಕೆ ಬರುವುದಿಲ್ಲ, ಕಿವಿಯೇ ಗತಿ. ಬೋಲ್ಟಿನ ತೂತುಗಳ ಸುತ್ತ ಜೇಡರ ಬಲೆಯಂಥ ಗೆರೆಗಳಿದ್ದರೆ ಹಿಂದಿನವರು ಅತಿಯಾಗಿ ಬಿಗಿದಿದ್ದಾರೆ. ಗೆರೆ ಮೇಲಿನ ನುಣುಪು ಪದರವಾದ ಜೆಲ್‌ಕೋಟಿನಲ್ಲಷ್ಟೇ ಇದ್ದರೆ ದುರಸ್ತಿ ಸುಲಭ. ಒಳಗಿನಿಂದ ಟಾರ್ಚ್ ಹಾಕಿದಾಗ ಅದೇ ಜಾಗದಲ್ಲಿ ಬಿಳಿಚಿದ ನಾರು ಕಂಡರೆ ಬಿರುಕು ಆಳಕ್ಕಿಳಿದಿದೆ, ಅಲ್ಲಿ ಹೊಸದಾಗಿ ನಾರು, ರೆಸಿನ್ ಹಾಕಿಸಬೇಕು. ಕೈಗೆ ಬಿಳಿ ಪುಡಿ ಅಂಟಿದರೆ ಬಿಸಿಲಿಗೆ ಮೇಲ್ಪದರ ಸವೆದಿದೆ ಅಂತ ಅರ್ಥ. ಉಜ್ಜಿ ಬಣ್ಣ ಹೊಡೆದರೆ ಸರಿಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಅಂಚಿನುದ್ದಕ್ಕೂ ಸಿಲಿಕಾನ್ ಮೆತ್ತಿದ್ದರೆ ಮಾತ್ರ ಅನುಮಾನ ಪಡಿ. ಸೋರದ ಟಾಪಿಗೆ ಯಾರೂ ಸಿಲಿಕಾನ್ ಹಚ್ಚುವುದಿಲ್ಲ, ಮತ್ತು ಅದು ಬಳಿದ ಕಡೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ.

ಪಕ್ಕದ, ಹಿಂದಿನ ಗಾಜಿನ ಮೂಲೆಯಲ್ಲಿ ಸುರಕ್ಷತಾ ಗಾಜಿನ ಐಎಸ್ 2553 ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದು ಮಾಮೂಲಿ ಗಾಜು ಅಥವಾ ಅಕ್ರಿಲಿಕ್ ಹಾಳೆ ಆಗಿರಬಹುದು. ಅಕ್ರಿಲಿಕ್ ನಮ್ಮ ಬಿಸಿಲಿಗೆ ಸಣ್ಣಗೆ ಬಿರಿದು ಮಬ್ಬಾಗುತ್ತದೆ, ಧೂಳು ಒರೆಸಿ ಒರೆಸಿ ಗೀರು ಬೀಳುತ್ತದೆ. ಹಿಂದಿನ ಗಾಜು ಎತ್ತಿ ಕೈ ಬಿಡಿ, ನಿಲ್ಲದಿದ್ದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕ್ ಸತ್ತಿದೆ. ವೈಪರ್ ಮೋಟಾರ್, ಗಾಜಿನ ಮಬ್ಬು ಬಿಡಿಸುವ ಡಿಫಾಗರ್ ಗೆರೆ ಇರುವ ಗಾಜಾದರೆ ನಿಮ್ಮ ಸಾಫ್ಟ್‌ಟಾಪ್ ಗಾಡಿಯಲ್ಲಿ ಅದರ ವೈರ್ ಇದೆಯೇ ಅಂತ ನೋಡದೆ ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ. ರಬ್ಬರ್ ಬೀಡಿಂಗಿಗೆ ಉಗುರು ಒತ್ತಿ. ಗುಂಡಿ ಹಾಗೇ ಉಳಿದರೆ ಸತ್ತ ರಬ್ಬರ್. ಹಳೆಯ ಟಾಪ್ ಕೊಂಡರೆ ಬೀಡಿಂಗ್ ಹೊಸದೇ ಅಂತ ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಜಾಣತನ.

ದರ ಮಾತಾಡುವಾಗ ಅದೇ ಮಾದರಿಯ ಹೊಸ ಟಾಪಿನ ಕೊಟೇಶನ್ ಕೈಯಲ್ಲಿರಲಿ. ಅದರ ಅರ್ಧದಿಂದ ಶುರು ಮಾಡಿ, ಗಾಜು, ಬೀಡಿಂಗ್, ಬಣ್ಣ, ಸಾಗಣೆ ಖರ್ಚು ಕಳೆಯುತ್ತಾ ಬನ್ನಿ. ಬೋಲ್ಟು, ಬ್ರಾಕೆಟ್, ಲಾಕಿನ ಕೀಲಿ ಎಲ್ಲ ಟಾಪಿನ ಜೊತೆಗೇ ಎಣಿಸಿ ತೆಗೆದುಕೊಳ್ಳಿ. ಬ್ರಾಕೆಟ್ ಕಳೆದರೆ ವೆಲ್ಡಿಂಗ್ ಅಂಗಡಿ ಅಲೆಯಬೇಕು. ಬಿಲ್ ಇಲ್ಲದಿದ್ದರೆ ಮಾರಿದ ಪತ್ರಕ್ಕೆ ಸಹಿ, ಗುರುತಿನ ಚೀಟಿಯ ನಕಲು ಇರಲಿ. ಕದ್ದ ಮಾಲು ನಿಮ್ಮ ತಲೆಗೆ ಬರಬಾರದು.

ನಿಮ್ಮ ಗಾಡಿಯ ಮೇಲೆ ಕೂರಿಸಿ ನೋಡದೆ ಪೂರ್ತಿ ಹಣ ಕೊಡಬೇಡಿ. ಎತ್ತಲು ನಾಲ್ಕು ಜನ ಬೇಕು, ಮೂವರಾದರೆ ಯಾವುದೋ ಮೂಲೆ ಬಾನೆಟ್ಟಿಗೆ ತಾಗುತ್ತದೆ. ಬೋಲ್ಟ್ ಬಿಗಿಯದೆಯೇ ಸುತ್ತ ಸಂದಿ ನೋಡಿ. ಆಮೇಲೆ ಒಂದು ಕಾಗದದ ಚೂರನ್ನು ರಬ್ಬರಿನಡಿ ಸಿಕ್ಕಿಸಿ, ಬೋಲ್ಟ್ ಹಿಡಿಸಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿಂದಲೇ ನೀರೂ ಬರುತ್ತದೆ. ಮುಂಗಾಜಿನ ಚೌಕಟ್ಟಿನ ಎರಡು ಮೂಲೆಗಳೇ ಸಾಮಾನ್ಯ ಅಪರಾಧಿಗಳು. ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ, ಒಂದೊಂದು ಸಂದಿಗೆ ಐದು ನಿಮಿಷ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ನೇರ ಚಾವಣಿಗೆ ಸುರಿದರೆ ಎಲ್ಲಿಂದ ಸೋರಿತೆಂದು ಗೊತ್ತಾಗುವುದಿಲ್ಲ.

ಹೈದರಾಬಾದಿನಿಂದ ಹುಮನಾಬಾದ್ ಮೇಲೆ ತರುವುದಾದರೆ ಬೊಲೆರೊ ಪಿಕಪ್ ಮೇಲು. ಚಿಕ್ಕ ಗಾಡಿಯಲ್ಲಿ ಅಂಚು ಹೊರಗೆ ಚಾಚಿದರೆ ರಸ್ತೆಯ ಮೊದಲ ಉಬ್ಬಿಗೇ ಬಿರುಕು. ಕೆಳಗೆ ಎರಡು ಮೂರು ಕೌದಿ ಹಾಸಿ, ಟಾಪನ್ನು ನೆಟ್ಟಗೇ ಇಡಿ. ಬೋರಲು ಹಾಕಿದರೆ ಭಾರವೆಲ್ಲ ಚಾವಣಿಯ ನಡುವೆ ಬೀಳುತ್ತದೆ. ತೆರೆದ ಬಾಯಿ ಹಿಂದಕ್ಕೆ, ಗಾಜಿನ ಬದಿ ಕ್ಯಾಬಿನ್ನಿನ ಕಡೆಗೆ. ಬಾಯಿ ಮುಂದಕ್ಕಿದ್ದರೆ ಹೆದ್ದಾರಿಯ ಗಾಳಿ ತುಂಬಿ ಟಾಪನ್ನೇ ಎತ್ತುತ್ತದೆ. ನೈಲಾನ್ ಹಗ್ಗ ಅಂಚನ್ನು ಕೊಯ್ಯುತ್ತದೆ, ಅಗಲದ ಬೆಲ್ಟ್ ಬಳಸಿ.

ಕೂರಿಸುವಾಗ ಪ್ರತಿ ಬೋಲ್ಟಿಗೂ ಫೈಬರ್ ಬದಿಗೆ ರಬ್ಬರ್ ವಾಷರ್, ಅದರ ಮೇಲೆ ಅಗಲದ ಸ್ಟೀಲ್ ವಾಷರ್. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ, ನಂತರ ಎದುರುಬದುರಾಗಿ ಪಾನಾ ಹಾಕಿ. ಎಂ8 ಬೋಲ್ಟಿಗೆ 13ರ ಪಾನಾ ಸಾಕು. ರಬ್ಬರ್ ಒತ್ತಿದ ಮೇಲೆ ಕಾಲು ಸುತ್ತು, ಅಷ್ಟೇ. ಸುಮಾರು 200 ಕಿ.ಮೀ ಓಡಿದ ಮೇಲೆ ಮತ್ತೊಮ್ಮೆ ನೋಡಿ, ರಬ್ಬರ್ ಕೂತು ಸಡಿಲವಾಗಿರುತ್ತದೆ. ಒಳಗೆ ಡಬ್ಬಿಯಂಥ ಗುಂಯ್ ಸದ್ದು ಬಂದರೆ ಚಾವಣಿಯ ಒಳಮೈಗೆ ಸದ್ದು ತಗ್ಗಿಸುವ ಬ್ಯೂಟೈಲ್ ರಬ್ಬರ್ ಹಾಳೆ, ಅದರ ಮೇಲೆ ಫೋಮ್ ಅಂಟಿಸಿ. ಬಿಸಿಲ ಕಾವೂ ಇಳಿಯುತ್ತದೆ. ಇಷ್ಟಾದರೂ ಇದು ಫೈಬರ್; ಗಾಡಿ ಪಲ್ಟಿಯಾದರೆ ತಡೆಯುವುದು ರೋಲ್‌ಬಾರ್ ಮತ್ತು ಸೀಟ್‌ಬೆಲ್ಟ್, ಟಾಪ್ ಅಲ್ಲ.

ಬಿಚ್ಚಿದ ಕ್ಯಾನ್ವಾಸನ್ನು ತೊಳೆದು, ಪೂರ್ತಿ ಒಣಗಿಸಿ, ಮಡಚದೆ ಸುರುಳಿ ಸುತ್ತಿ ಇಲಿ ಹತ್ತದ ಕಡೆ ಇಡಿ. ಮಡಚಿದರೆ ಪ್ಲಾಸ್ಟಿಕ್ ಕಿಟಕಿ ಆ ಗೆರೆಯಲ್ಲೇ ಒಡೆಯುತ್ತದೆ. ಚಳಿಗಾಲಕ್ಕೆ ಹಾರ್ಡ್‌ಟಾಪ್ ಇಳಿಸಿದರೆ ಅದನ್ನು ನೆರಳಲ್ಲಿ, ನಾಲ್ಕೂ ಬದಿ ಆಧಾರ ಸಿಗುವ ಹಾಗೆ ಹಲಗೆಗಳ ಮೇಲೆ ಇಡಿ, ಅಥವಾ ಎರಡು ಅಗಲ ಬೆಲ್ಟಿನಲ್ಲಿ ತೊಲೆಗೆ ತೂಗುಹಾಕಿ.