100.3ರಲ್ಲಿ 98.3ರ ಗಲಾಟೆ: ಎಸ್‌ಡಿಆರ್ ತಪ್ಪು ಹುಡುಕುವುದು ಹೀಗೆ

ಎಸ್‌ಡಿಆರ್ ಎಂದರೆ ಸಿಗ್ನಲ್ಲಿನ ಕೆಲಸವನ್ನು ಸಾಫ್ಟ್‌ವೇರ್‌ನಲ್ಲಿ ಮಾಡುವ ರೇಡಿಯೊ. ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರಿಸೀವರ್), ಗ್ನೂ ರೇಡಿಯೊ (ಬ್ಲಾಕ್‌ಗಳನ್ನು ಜೋಡಿಸಿ ರೇಡಿಯೊ ಕಟ್ಟುವ ಸಾಫ್ಟ್‌ವೇರ್) ಇಟ್ಟುಕೊಂಡು ಮೊದಲ ಎಫ್‌ಎಂ ರಿಸೀವರ್ ಕಟ್ಟುವವರು ಸದ್ದು ಕೆಟ್ಟ ಕೂಡಲೇ ಫಿಲ್ಟರಿಗೆ ಕೈ ಹಾಕುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಸ್ಯಾಂಪಲ್ ರೇಟಿನ (ಸಿಗ್ನಲ್ಲನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತೇವೆ ಎಂಬುದರ) ಲೆಕ್ಕ ನೋಡಿ.

ಕಂಪ್ಯೂಟರಿಗೆ ಡಾಂಗಲ್ಲೇ ಸಿಗುತ್ತಿಲ್ಲವೇ? ಅದರ ಚಿಪ್ ಹುಟ್ಟಿದ್ದು ಡಿಜಿಟಲ್ ಟಿವಿಗಾಗಿ. ಲಿನಕ್ಸ್‌ನಲ್ಲಿ ಟಿವಿ ಡ್ರೈವರ್ ಅದನ್ನು ಹಿಡಿದುಕೊಂಡಿರುತ್ತದೆ, ಆ ಡ್ರೈವರ್ ಏಳದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿ. ವಿಂಡೋಸ್ ಆದರೆ ಜಾಡಿಗ್ ಎಂಬ ಸಾಧನ ಬಳಸಿ ಡ್ರೈವರ್ ಬದಲಿಸಿ.

ಮಂಗಳೂರಿನವರು 99.3 ಮೆಗಾಹರ್ಟ್ಜ್‌ಗೆ ಟ್ಯೂನ್ ಮಾಡಿ, ರೇಟ್ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಇಡಿ. ಆಕಾಶವಾಣಿಯ 100.3, ಮಿರ್ಚಿಯ 98.3 ಎರಡೂ ಪರದೆಯ ಆಚೀಚೆ ಕಾಣುತ್ತವೆ. ಇಲ್ಲದ ಜಾಗದಲ್ಲೂ ನಿಲಯಗಳು ಎದ್ದರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇಳಿಸಿ. ಡಾಂಗಲ್ 8 ಬಿಟ್‌ನದು, ಪ್ರಸಾರ ಗೋಪುರವಿರುವ ಕದ್ರಿಯ ಆಸುಪಾಸಿನ ಜೋರು ಸಿಗ್ನಲ್ ಅದಕ್ಕೆ ಹೆಚ್ಚಾಗುತ್ತದೆ.

ಈಗ ಫಿಲ್ಟರ್. 100.3 ಅನ್ನು ಸೊನ್ನೆಗೆ ಸರಿಸಿದರೆ 98.3 ಇರುವುದು ಮೈನಸ್ 2,000 ಕಿಲೋಹರ್ಟ್ಜ್‌ನಲ್ಲಿ. ಫಿಲ್ಟರ್ ಇಲ್ಲದೆ ರೇಟನ್ನು 10ರಿಂದ ಭಾಗಿಸಿ 240 ಸಾವಿರಕ್ಕೆ ಇಳಿಸಿದಿರೋ, ಆ ಮೈನಸ್ 2,000 ಮಡಚಿಕೊಂಡು (240ರ ಎಂಟು ಪಟ್ಟು, ಅಂದರೆ 1,920 ಸರಿದು) ಮೈನಸ್ 80ಕ್ಕೆ ಬಂದು ಕೂರುತ್ತದೆ, ಆಕಾಶವಾಣಿಯ ಪಕ್ಕದಲ್ಲೇ! ಆದ್ದರಿಂದ ಇಳಿಸುವ ಮೊದಲು ಲೋ-ಪಾಸ್, ಅಂದರೆ ಕೆಳಗಿನ ತರಂಗಾಂತರ ಬಿಟ್ಟು ಮೇಲಿನದನ್ನು ತಡೆಯುವ ಫಿಲ್ಟರ್: ಕಟ್‌ಆಫ್ (ತಡೆ ಶುರುವಾಗುವ ಗಡಿ) 100 ಕಿಲೋಹರ್ಟ್ಜ್, ಟ್ರಾನ್ಸಿಷನ್ (ಆ ಗಡಿಯ ಅಗಲ) 40. ಹ್ಯಾಮಿಂಗ್ ವಿಂಡೋ ಎಂಬ ಫಿಲ್ಟರ್ ವಿನ್ಯಾಸದಲ್ಲಿ ಟ್ಯಾಪ್ (ಪ್ರತಿ ಸ್ಯಾಂಪಲ್‌ಗೆ ಮಾಡುವ ಗುಣಾಕಾರ) ಸಂಖ್ಯೆ ಸುಮಾರು 3.3 ಗುಣಿಸು ರೇಟ್ ಭಾಗಿಸು ಟ್ರಾನ್ಸಿಷನ್, ಅಂದರೆ ಇಲ್ಲಿ 200ರ ಹತ್ತಿರ. ‘ಇನ್ನೂ ಚೂಪಾಗಿರಲಿ’ ಎಂದು ಟ್ರಾನ್ಸಿಷನ್ 2 ಕಿಲೋಹರ್ಟ್ಜ್ ಮಾಡಿದರೆ ಟ್ಯಾಪ್ 4,000ಕ್ಕೆ ಏರಿ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಇಷ್ಟು ದೂರದ ನೆರೆಹೊರೆಗೆ ಅಷ್ಟು ಚೂಪು ದಂಡ.

ಕನ್ಸೋಲ್‌ನಲ್ಲಿ ‘ಓ’ ಸಾಲುಗಟ್ಟಿತೇ? ಸ್ಯಾಂಪಲ್ ಬರುವ ವೇಗಕ್ಕೆ ಮುಂದಿನ ಬ್ಲಾಕ್‌ಗಳು ಅವನ್ನು ಖರ್ಚು ಮಾಡುತ್ತಿಲ್ಲ. ಕಾರಣ ಸಿಪಿಯು ಎಂದೇ ಅಲ್ಲ: 240 ಸಾವಿರವನ್ನು 5ರಿಂದ ಭಾಗಿಸಿ 48 ಸಾವಿರ ಮಾಡಿ, ಆಡಿಯೊ ಬ್ಲಾಕ್‌ನಲ್ಲಿ 44,100 ಬರೆದರೂ ಇದೇ ಪಾಡು, ದನಿಯೂ ತಗ್ಗಿ ಎಳೆಯುತ್ತದೆ. ‘ಎಯು’ ಕಂಡರೆ ಉಲ್ಟಾ, ಆಡಿಯೊಗೆ ಸ್ಯಾಂಪಲ್ ಸಾಲುತ್ತಿಲ್ಲ. ಒಂದೊಂದು ಬ್ಲಾಕಿನ ಮೇಲೂ ಒಳಬರುವ, ಹೊರಹೋಗುವ ರೇಟನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ.

ಎಲ್ಲ ಸರಿಯಿದ್ದೂ ದನಿ ಮಂಕಾಗಿದ್ದರೆ ಡಿ-ಎಂಫಸಿಸ್ (ಪ್ರಸಾರದಲ್ಲಿ ಎತ್ತಿದ ಮೇಲಿನ ಸ್ವರಗಳನ್ನು ಮತ್ತೆ ತಗ್ಗಿಸುವ ಹಂತ) ನೋಡಿ. ಗ್ನೂ ರೇಡಿಯೊದಲ್ಲಿ ತಾನಾಗಿ ಬರುವ 75 ಮೈಕ್ರೋಸೆಕೆಂಡ್ ಅಮೆರಿಕದ ಪದ್ಧತಿ. ಇಲ್ಲಿಗೆ 50 ಹಾಕಿ.