ಲೆಕ್ಲೆರ್ ದಂಡಯಾತ್ರೆ ಸೋತದ್ದೇಕೆ: ಪತ್ರ, ದಿನಾಂಕಗಳಿಂದ ತಿಳಿಯುವ ಬಗೆ

ಗುಲಾಮಗಿರಿಯನ್ನು ಕಿತ್ತೊಗೆದಿದ್ದ ಕೆರಿಬಿಯನ್ ಕಡಲಿನ ಫ್ರೆಂಚ್ ವಸಾಹತಾದ ಸೆಂ-ಡೊಮಾಂಗನ್ನು ಮರಳಿ ಹಿಡಿಯಲು ನೆಪೋಲಿಯನ್ 1801ರ ಡಿಸೆಂಬರ್‌ನಲ್ಲಿ ತನ್ನ ಭಾವಮೈದುನ ಲೆಕ್ಲೆರ್‌ನ ಕೈಕೆಳಗೆ ಕಳುಹಿಸಿದ ಸೇನೆ ಎರಡು ವರ್ಷ ತುಂಬುವ ಮೊದಲೇ ಶರಣಾಯಿತು. ಹಳದಿ ಜ್ವರವೇ ಇದಕ್ಕೆ ಕಾರಣವೆಂದು ಹೇಳುವ ರೂಢಿಯಿದೆ. ಆ ಮಾತನ್ನು ಸ್ವತಃ ಪರೀಕ್ಷಿಸಬಯಸುವವರು ಹೀಗೆ ಮಾಡಬಹುದು.

ಸೆಂ-ಡೊಮಾಂಗ್ ಎಂದರೆ ಇಂದಿನ ಹೈಟಿ. ಅದೇ ದ್ವೀಪದ ಪೂರ್ವಭಾಗವಾದ ಸ್ಯಾಂಟೊ ಡೊಮಿಂಗೊ ಬೇರೆ ಎಂಬುದನ್ನು ಮೊದಲೇ ಗಮನಿಸಿಕೊಳ್ಳಬೇಕು. ಅಂದಿನ ಫ್ರೆಂಚ್ ಪತ್ರಗಳು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಜಾರಿಗೆ ಬಂದ ಬೇರೆ ಪಂಚಾಂಗವನ್ನು ಬಳಸುವುದರಿಂದ ದಿನಾಂಕಗಳನ್ನು ಪರಿವರ್ತಿಸಿಕೊಳ್ಳುವುದು ಅಗತ್ಯ: 10ನೇ ವರ್ಷದ ಫ್ಲೊರೆಯಾಲ್ 30 ಎಂದರೆ 1802ರ ಮೇ 20.

ಬಳಿಕ ಹಾಳೆಯ ಮೇಲೆ ಎರಡು ಅಂಕಣ ಎಳೆದು, ಒಂದರಲ್ಲಿ ರೋಗವನ್ನೂ ಯುದ್ಧವನ್ನೂ, ಇನ್ನೊಂದರಲ್ಲಿ ಪ್ಯಾರಿಸ್‌ನ ಆಜ್ಞೆಗಳನ್ನೂ ನೆರೆಯ ದ್ವೀಪಗಳ ಸುದ್ದಿಯನ್ನೂ ಬರೆಯಬೇಕು. ಈ ಕೆಲಸಕ್ಕೆ ಹೆಚ್ಚು ಸಮಯ ಕೊಡುವುದು ಲೇಸು. 1802ರ ಫೆಬ್ರವರಿಯಲ್ಲಿ ವಸಾಹತಿನ ಕರಿಯ ಸೇನಾನಿ ಕ್ರಿಸ್ಟೋಫ್ ಲೆ ಕಾಪ್ ನಗರವನ್ನು ಸುಟ್ಟು ಹಿಂದೆ ಸರಿದನು. ಮೇ ತಿಂಗಳಲ್ಲಿ ವಸಾಹತಿನ ಕರಿಯ ನಾಯಕ ತೂಸೆಂ ಲೂವೆರ್ತ್ಯೂರ್ ಸಂಧಿ ಮಾಡಿಕೊಂಡನು. ಜೂನ್‌ನಲ್ಲಿ ಅವನನ್ನು ಮೋಸದಿಂದ ಸೆರೆಹಿಡಿದು ಫ್ರಾನ್ಸಿಗೆ ಸಾಗಿಸಲಾಯಿತು. ಅಲ್ಲಿಗೆ ಗೆಲುವು ಕೈಸೇರಿದಂತೆಯೇ ಕಾಣುತ್ತದೆ. ಆದರೆ ಎರಡನೆಯ ಅಂಕಣದಲ್ಲಿ ಬ್ರಿಟನ್ ಹಿಂತಿರುಗಿಸಿದ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಉಳಿಸಿದ ಮೇ 20ರ ಕಾನೂನೂ, ಜುಲೈನಲ್ಲಿ ಫ್ರೆಂಚ್ ದ್ವೀಪ ಗ್ವಾಡೆಲೂಪ್‌ನಲ್ಲಿ ಅದನ್ನು ಮರುಸ್ಥಾಪಿಸಿದ ಆಜ್ಞೆಯೂ ಇವೆ. ಆ ಸುದ್ದಿ ತಲುಪಿದ ಮೇಲೆ ದಂಗೆ ಹಬ್ಬಿತು. ಶರಣಾಗಿ ಫ್ರೆಂಚರ ಪರ ನಿಂತಿದ್ದ ಸೇನಾನಿಗಳಾದ ದೆಸಲೀನ್ ಮತ್ತು ಕ್ರಿಸ್ಟೋಫ್ ಅಕ್ಟೋಬರ್‌ನಲ್ಲಿ ದಂಗೆಯ ಪಕ್ಕಕ್ಕೆ ಬಂದರು.

ಈಗ ಆಗಸ್ಟ್ 6ರಂದು ಲೆಕ್ಲೆರ್ ನೆಪೋಲಿಯನ್ನನಿಗೆ ಬರೆದ ಪತ್ರವನ್ನು ಓದಬೇಕು. ತಾನು ಸಿದ್ಧನಾಗುವವರೆಗೆ ಕರಿಯರಿಗೆ ತಮ್ಮ ಸ್ವಾತಂತ್ರ್ಯದ ಬಗ್ಗೆ ಭಯ ಹುಟ್ಟಿಸುವಂಥದ್ದೇನನ್ನೂ ಮಾಡಬೇಡಿರೆಂದು ಕೋರಿದ್ದೆನೆಂದು ಅವನು ಅದರಲ್ಲಿ ಹಲುಬುತ್ತಾನೆ. (ಗುಲಾಮಗಿರಿಗೆ ಅವನ ಆಕ್ಷೇಪವಿರಲಿಲ್ಲ, ಹೊತ್ತಿಗೆ ಮುಂಚೆ ಗುಟ್ಟು ಬಯಲಾದದ್ದಕ್ಕಷ್ಟೇ ಇತ್ತು.) ಜ್ವರ ಸೇನೆಯನ್ನು ತೆಳುವಾಗಿಸಿದ್ದು ನಿಜ; ನವೆಂಬರ್‌ನಲ್ಲಿ ಲೆಕ್ಲೆರ್ ಸತ್ತದ್ದೂ ಅದರಿಂದಲೇ. ಆದರೆ ಶರಣಾಗಿದ್ದವರು ಮತ್ತೆ ಬಂದೂಕು ಹಿಡಿದದ್ದೇಕೆಂಬುದಕ್ಕೆ ಆ ಜ್ವರ ಹರಡುವ ಸೊಳ್ಳೆಗಳಲ್ಲಿ ಉತ್ತರವಿಲ್ಲ.

ಸತ್ತವರ ಸಂಖ್ಯೆಯನ್ನು ಬರೆಯುವಾಗ, ನಾವಿಕರನ್ನೂ ತರುವಾಯ ಬಂದ ತುಕಡಿಗಳನ್ನೂ ಅದರಲ್ಲಿ ಸೇರಿಸಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಕೊನೆಯ ಸಾಲುಗಳಲ್ಲಿ 1803ರ ಮೇ ತಿಂಗಳಲ್ಲಿ ಬ್ರಿಟನ್ನಿನೊಡನೆ ಮತ್ತೆ ಆರಂಭವಾದ ಯುದ್ಧ, ಅದು ತಂದ ಕಡಲ ದಿಗ್ಬಂಧನ ಮತ್ತು ಫ್ರೆಂಚರು ಸೋತ ನವೆಂಬರ್ 18ರ ವೆರ್ತಿಯೇರ್ ಕದನವನ್ನು ಬರೆದರೆ, ಲೆಕ್ಲೆರ್‌ನ ನಂತರ ಸೇನೆಯ ಮುಖ್ಯಸ್ಥನಾದ ರೊಶಾಂಬೊ ಶರಣಾದ ದಿನದವರೆಗಿನ ಪಟ್ಟಿ ಸಿದ್ಧವಾಗುತ್ತದೆ.